ಎಂಟು ನಂಬರಿನ ಬೂಟು

ಹಿಮನದಿ ಎಂಬ ಅಧ್ಯಾಯವನ್ನು ನಾನು ಹದಿನೆಂಟು ವರ್ಷ ಪಾಠ ಮಾಡಿದ್ದೇನೆ. ಹಿಮ ಹೇಗೆ ಬೀಳುತ್ತದೆ, ಹೇಗೆ ಪದರಪದರವಾಗಿ ಕೂರುತ್ತದೆ, ಯಾವಾಗ ಜಾರುತ್ತದೆ ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದ್ದೇನೆ. ಇಷ್ಟೂ ವರ್ಷ ನಾನು ಕಣ್ಣಾರೆ ಕಂಡಿದ್ದ ಹಿಮ ನಮ್ಮ ಮನೆಯ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಕಟ್ಟಿಕೊಳ್ಳುವುದೊಂದೇ. ಅದನ್ನೂ ನನ್ನ ಹೆಂಡತಿ ತಿಂಗಳಿಗೊಮ್ಮೆ ಚಮಚದಲ್ಲಿ ಕೆರೆದು ಎಸೆಯುತ್ತಿದ್ದಳು. ಚಿತ್ರದುರ್ಗದಲ್ಲಿ ಭೂಗೋಳದ ಮೇಷ್ಟ್ರಾದವನಿಗೆ ಬಂಡೆಗೇನೂ ಬರವಿಲ್ಲ. ಹಿಮವನ್ನು ಎಲ್ಲಿಂದ ತರುವುದು?

ನನ್ನ ಈ ಬಂಡವಾಳವನ್ನು ಮೊದಲು ಕಂಡುಹಿಡಿದವರು ನಮ್ಮ ಕಾಲೇಜಿನ ಗೇಟು ಕಾಯುತ್ತಿದ್ದವರು. ಒಂದು ದಿನ ಪಾಠ ಮುಗಿಸಿ ಹೊರಗೆ ಬಂದಾಗ ಕಿಟಕಿಯ ಹತ್ತಿರ ನಿಂತಿದ್ದರು. ಕೈ ಹಿಂದೆ ಕಟ್ಟಿಕೊಂಡು, ಬೆನ್ನು ನೆಟ್ಟಗೆ.

"ಸಾರ್, ತಪ್ಪು ತಿಳ್ಕಬ್ಯಾಡ್ರಿ. ನೀವು ಹಿಮ ನೋಡಿಲ್ಲ ಅಲ್ವ?"

"ಹೇಗೆ ಗೊತ್ತಾಯ್ತು?"

"ಭರ್ ಅಂತ ಬೀಳ್ತೈತೆ ಅಂದ್ರಿ ಹುಡುಗ್ರಿಗೆ. ಅದು ಸದ್ದು ಮಾಡಲ್ಲ ಸಾರ್. ಇರೋ ಸದ್ದನ್ನೂ ತಿಂದು ಹಾಕ್ತೈತೆ."

ಅವರು ಹೊಳಲ್ಕೆರೆ ತಾಲ್ಲೂಕಿನ ತಾಳ್ಯದವರು. ಹದಿನೇಳು ವರ್ಷ ಸೈನ್ಯದಲ್ಲಿದ್ದವರು, ಅದರಲ್ಲಿ ಮುಕ್ಕಾಲು ಪಾಲು ಹಿಮದ ಬೆಟ್ಟಗಳಲ್ಲೇ ಕಳೆದವರು. ಹೊಸದಾಗಿ ಬಂದ ಸಿಪಾಯಿಗಳಿಗೆ ಸ್ಕೀ ಹಲಗೆ ಕಟ್ಟಿಕೊಂಡು ನಡೆಯುವುದನ್ನು ಕಲಿಸುವುದು ಅವರ ಕೆಲಸವಾಗಿತ್ತು. ಹವಾಲ್ದಾರ್ ಆಗಿ ನಿವೃತ್ತರಾಗಿದ್ದರಿಂದ ಪ್ರಿನ್ಸಿಪಾಲರಿಂದ ಹಿಡಿದು ಕ್ಯಾಂಟೀನಿನವರೆಗೆ ಎಲ್ಲರಿಗೂ ಅವರು ಹವಾಲ್ದಾರ್ರು. ಅವರ ಹೆಸರು ಹೇಳಿದರೆ ನಮ್ಮ ಕಾಲೇಜಿನಲ್ಲಿ ಅರ್ಧ ಜನಕ್ಕೆ ಗುರುತೇ ಹತ್ತುತ್ತಿರಲಿಲ್ಲ. ಹಾಗಾಗಿ ನಾನೂ ಇಲ್ಲಿ ಹವಾಲ್ದಾರ್ರು ಎಂದೇ ಬರೆಯುತ್ತೇನೆ.

ಅವರ ಜೀವನಚರಿತ್ರೆ ಬರೆಯುವಷ್ಟು ನನಗೆ ಗೊತ್ತಿಲ್ಲ. ಗೊತ್ತಿರುವುದು ಚೂರುಪಾರು. ಎಲ್ಲಿ ಕೂರುವ ಮೊದಲೂ ಕೈಯ ಹಿಂಬದಿಯಿಂದ ಆ ಜಾಗವನ್ನು ಮುಟ್ಟಿ ನೋಡುತ್ತಿದ್ದರು, ಅದು ಸುಡು ಬೇಸಗೆಯಾದರೂ ಸರಿಯೇ. ದಿನಕ್ಕೆ ಎರಡು ಜೊತೆ ಕಾಲುಚೀಲ ಬದಲಿಸುತ್ತಿದ್ದರು. ಬಿಚ್ಚಿದ ಜೊತೆ ಗೇಟಿನ ಸರಳಿನ ಮೇಲೆ ಒಣಗುತ್ತಿತ್ತು. ಕಾಲೇಜಿನ ತಪಾಸಣೆಗೆ ದೊಡ್ಡವರು ಬರುವ ದಿನ ಪ್ರಿನ್ಸಿಪಾಲರು ಸ್ವತಃ ಬಂದು, "ಇವತ್ತೊಂದಿನ ಅದನ್ನ ತೆಗೀರಿ ಹವಾಲ್ದಾರ್ರೇ" ಎಂದು ಕೇಳಿಕೊಳ್ಳಬೇಕಾಗುತ್ತಿತ್ತು.

ಪಾದದ ಬಗ್ಗೆ ಅವರ ಹತ್ತಿರ ಒಂದು ದೊಡ್ಡ ಶಾಸ್ತ್ರವೇ ಇತ್ತು. "ಕಾಲು ತಣ್ಣಗಾದ ಮನುಷ್ಯ ಸುಳ್ಳು ಹೇಳಾಕೆ ಶುರು ಮಾಡ್ತಾನೆ ಸಾರ್. ಬೆರಳು ಮರಗಟ್ಟಿರ್ತಾವೆ, ಕೇಳಿದ್ರೆ ಏನಿಲ್ಲ ಚೆನ್ನಾಗಿದೀನಿ ಅಂತಾನೆ. ಅದಕ್ಕೇ ನಾವು ಅವನ್ನ ಕೇಳ್ತಿರ್ಲಿಲ್ಲ. ಬೂಟು ಬಿಚ್ಚಿ ಕಾಲು ಮುಟ್ಟಿ ನೋಡ್ತಿದ್ವಿ." ಈ ಮಾತನ್ನು ನಾನು ತಮಾಷೆಗೆ ಕೇಳಿಸಿಕೊಂಡು ತಮಾಷೆಗೆ ಮರೆತಿದ್ದೆ.

ನಾವು ಭಾನುವಾರ ಜೋಗಿಮಟ್ಟಿ ಬೆಟ್ಟಕ್ಕೆ ನಡೆಯಲು ಹೋಗುವುದು ಶುರುವಾಗಿದ್ದು ಅವರಿಂದಲೇ. ನಾಲ್ಕು ಜನ. ಹವಾಲ್ದಾರ್ರು, ನಾನು, ನನ್ನ ಹಳೆಯ ಸಹಪಾಠಿ ಹಿರಿಯೂರಿನಲ್ಲಿ ಮೆಡಿಕಲ್ ಶಾಪು ಇಟ್ಟಿರುವ ರುದ್ರೇಶ, ಮತ್ತು ನಮ್ಮ ಕೆಮಿಸ್ಟ್ರಿ ಲ್ಯಾಬಿನ ಅಟೆಂಡರ್ ತಿಪ್ಪೇಸ್ವಾಮಿ. ಡಾಕ್ಟರು ನನಗೂ ರುದ್ರೇಶನಿಗೂ ನಡೆಯಿರಿ ಎಂದಿದ್ದರು. ತಿಪ್ಪೇಸ್ವಾಮಿಗೆ ಯಾರೂ ಏನೂ ಹೇಳಿರಲಿಲ್ಲ, ಬುತ್ತಿ ತಿನ್ನಲು ಬರುತ್ತಿದ್ದ.

ಮೊದಲ ವಾರಕ್ಕೆಂದು ನಾನು ಹೊಸ ಬೂಟು ಕೊಂಡೆ. ಅದು ಕಚ್ಚಿ, ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದು, ಸೋಮವಾರ ಕಾಲೇಜಿಗೆ ಹವಾಯಿ ಚಪ್ಪಲಿ ಹಾಕಿಕೊಂಡು ಬಂದೆ. ಗೇಟಿನಲ್ಲಿ ಹವಾಲ್ದಾರ್ರು ತಡೆದರು.

"ಎಷ್ಟು ನಂಬ್ರ ಸಾರ್ ನಿಮ್ದು?"

"ಎಂಟು."

"ನಂದೂ ಎಂಟೇ. ತಂದುಕೊಡ್ರಿ. ಎಂಟು ದಿನ ನಾನು ಹಾಕ್ಕಂಡು ಪಳಗಿಸ್ಕೊಡ್ತೀನಿ. ಹೊಸಾ ಬೂಟು ಯಜಮಾನನ ಮಾತು ಕೇಳಲ್ಲ."

ಬೇಡ ಎಂದೆ. ಎಂಥ ಸಂಕೋಚದ ಬೇಡ ಅದು ಎಂದರೆ, ಮಾರನೆಯ ದಿನವೇ ಚೀಲದಲ್ಲಿ ಹಾಕಿ ತಂದುಕೊಟ್ಟಿದ್ದೆ. ಒಂದು ವಾರ ಅವರು ನನ್ನ ಬೂಟು ಹಾಕಿಕೊಂಡು ಗೇಟಿನಲ್ಲಿ ನಿಂತರು. ಕಚ್ಚುವುದನ್ನೆಲ್ಲ ಅವರ ಕಾಲಿಗೆ ಕಚ್ಚಿಸಿಕೊಂಡು, ಪಾಲಿಶ್ ಮಾಡಿ ಹಿಂದಕ್ಕೆ ಕೊಟ್ಟರು. ನನ್ನ ಕಾಲಿಗೆ ಅದು ಬೆಣ್ಣೆಯಂತಾಗಿತ್ತು. ಥ್ಯಾಂಕ್ಸ್ ಎಂದೆ, ಅವರ ಹಿಮ್ಮಡಿ ಹೇಗಿದೆ ಎಂದು ಕೇಳಲಿಲ್ಲ.

ಒಂದು ಭಾನುವಾರ ಜೋಗಿಮಟ್ಟಿಯ ನೆತ್ತಿಯಲ್ಲಿ ಕೂತಿದ್ದೆವು. ಗಾಳಿ ಜೋರಾಗಿತ್ತು, ಒಣಹುಲ್ಲು ಒಂದೇ ಕಡೆಗೆ ಬಾಗಿತ್ತು. ತಿಪ್ಪೇಸ್ವಾಮಿ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಚ್ಚಿ ಹಂಚುತ್ತಿದ್ದ. ರುದ್ರೇಶ ಸುಮ್ಮನಿರಲಾರದೆ ಕೇಳಿದ, "ಹವಾಲ್ದಾರ್ರೇ, ಅಷ್ಟು ವರ್ಷ ಹಿಮದಾಗೆ ಇದ್ರಲ್ಲ, ಸಾಕಾಗ್ಲಿಲ್ವ? ಈಗ ಏನಾದ್ರೂ ಆಸೆ ಐತಾ?"

ಅವರು ರೊಟ್ಟಿ ತಿಂದು ಮುಗಿಸಿ ಕೈ ಒರೆಸಿಕೊಂಡರು.

"ಒಂದೈತೆ. ಹಿಮ ಬಿದ್ದ ಮಾರನೇ ಬೆಳಗ್ಗೆ ಬೆಟ್ಟದ ಮೇಲಿನ ಬಯಲು ಹೆಂಗಿರ್ತೈತೆ ಅಂದ್ರೆ, ಯಾರೂ ತುಳಿದಿರಲ್ಲ. ಹಕ್ಕಿ ಹೆಜ್ಜೆನೂ ಇರಲ್ಲ. ಅದ್ರ ಮ್ಯಾಲೆ ಹಲಗೆ ಕಟ್ಕಂಡು ಮೊದಲನೇ ಗೀಟು ಎಳೀಬೇಕು. ಹದಿನೇಳು ವರ್ಷದಾಗೆ ನಂಗದು ಒಂದು ದಿನಾನೂ ಸಿಗ್ಲಿಲ್ಲ."

"ಯಾಕೆ?"

"ಮುಂದೆ ಯಾವಾಗ್ಲೂ ಸಾಹೇಬ್ರು ಇರ್ತಿದ್ರು ಸಾರ್. ನಾವು ಅವ್ರ ಗೀಟಿನ ಮ್ಯಾಲೆ ನಡೀಬೇಕು."

ಅದನ್ನು ದೂರಿನಂತೆ ಹೇಳಲಿಲ್ಲ, ನಕ್ಕೇ ಹೇಳಿದರು. ಆದರೆ ಆಮೇಲೆ ಬಹಳ ಹೊತ್ತು ಅವರು ಉತ್ತರ ದಿಕ್ಕಿಗೆ ನೋಡುತ್ತಿದ್ದರು. ಅಲ್ಲಿ ಕಾಣುವುದು ಗಾಳಿಯಂತ್ರಗಳು, ಅದರಾಚೆ ಬಿಸಿಲ ಝಳ.

"ಹೋಗಾಣ ಬಿಡ್ರಿ" ಎಂದ ರುದ್ರೇಶ. "ನಾಲ್ಕೂ ಜನ ಹೋಗಾಣ. ನೀವು ಗೀಟು ಎಳೀರಿ, ನಾವು ನಿಮ್ಮ ಹಿಂದೆ ಬರ್ತೀವಿ."

ಹೀಗೆ ಆಡಿದ ಮಾತು ನಿಜವಾಗಲು ಒಂದು ವರ್ಷ ಹಿಡಿಯಿತು. ಆ ವರ್ಷವಿಡೀ ಅವರು ನಮ್ಮನ್ನು ತಯಾರು ಮಾಡಿದರು. ಊರ ಹೊರಗಿನ ಒಂದು ಎಣ್ಣೆ ಮಿಲ್ಲಿನ ಹಿಂದೆ ಶೇಂಗಾ ಸಿಪ್ಪೆಯ ಗುಡ್ಡವೇ ಬಿದ್ದಿರುತ್ತಿತ್ತು. ಹಳೆಯ ಮಂಚದ ಪಟ್ಟಿಗಳನ್ನು ಹೆರೆದು, ಮೂತಿ ಬಗ್ಗಿಸಿ, ಸೈಕಲ್ ಟ್ಯೂಬಿನಿಂದ ನಮ್ಮ ಕಾಲಿಗೆ ಕಟ್ಟಿ, ಆ ಗುಡ್ಡ ಹತ್ತಿಸುತ್ತಿದ್ದರು. ಬರಿಗಾಲಲ್ಲಿ ಹೋದರೆ ಮೊಣಕಾಲುದ್ದ ಹುಗಿಯುತ್ತಿತ್ತು, ಹಲಗೆ ಕಟ್ಟಿದರೆ ತೇಲುತ್ತಿದ್ದೆವು. "ಎತ್ತಬ್ಯಾಡ್ರಿ ಸಾರ್ ಕಾಲು, ತಳ್ರಿ. ಓಡಬ್ಯಾಡ್ರಿ. ಅವಸರ ಮಾಡ್ದೋನು ಮೊದ್ಲು ಬೀಳ್ತಾನೆ." ಮಿಲ್ಲಿನ ಹಮಾಲರು ಬೀಡಿ ಸೇದುವುದನ್ನು ನಿಲ್ಲಿಸಿ ನಿಂತು ನೋಡುತ್ತಿದ್ದರು. "ಏನಪ್ಪ, ಕಾಲೇಜು ಮೇಷ್ಟ್ರಿಗೆ ಹುಚ್ಚು ಹಿಡೀತಾ?" ಎಂದು ಒಬ್ಬ ಕೇಳಿದ್ದು ನನಗೂ ಕೇಳಿಸಿತು. ಮನೆಗೆ ಹೋದ ಮೇಲೆ ಅಂಗಿಯ ಒಳಗಿಂದೆಲ್ಲ ಸಿಪ್ಪೆ ಉದುರುತ್ತಿತ್ತು.

ಅಲ್ಲೇ ಅವರು ಇನ್ನೊಂದು ಮಾತು ಹೇಳಿದ್ದರು. "ಹಿಮದ ಸೀಮೆಯಾಗೆ ಬೂಟು ಮನೆ ಒಳಗಿರ್ಬೇಕು. ಮನುಷ್ಯ ಬೇಕಾರೆ ಹೊರಗಿರ್ಲಿ." ನಾವು ಮೂವರೂ ನಕ್ಕೆವು.

ಎರಡು ವರ್ಷದ ಹಿಂದಿನ ಜನವರಿಯಲ್ಲಿ ಹೋದೆವು. ಹಿಮಾಚಲದ ಒಂದು ಕಣಿವೆ. ಅಲ್ಲಿ ಹವಾಲ್ದಾರ್ರ ಜೊತೆ ಸೈನ್ಯದಲ್ಲಿದ್ದ ಠಾಕೂರ್ ಎಂಬುವನಿದ್ದ. ಕೆಳಗಿನ ಊರಿನಲ್ಲಿ ಅವನದು ಸ್ಕೀ ಬಾಡಿಗೆಗೆ ಕೊಡುವ ಅಂಗಡಿ, ಎರಡು ತಾಸು ಮೇಲಕ್ಕೆ ನಡೆದರೆ ಮನೆ. ಮೊದಲ ನಾಲ್ಕು ದಿನ ಅವನ ಅಂಗಡಿಯ ಬೂಟು, ಹಲಗೆ ಕಟ್ಟಿಕೊಂಡು ಕೆಳಗಿನ ಊರಿನ ಇಳಿಜಾರಿನಲ್ಲಿ ಕಲಿತೆವು. ಹಲಗೆಯ ಅಡಿಗೆ ರೋಮದ ಪಟ್ಟಿ ಅಂಟಿಸಿಕೊಂಡರೆ ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಜಾರುವುದಿಲ್ಲ. ಕರುವಿನ ಮೈ ಸವರಿದ ಹಾಗೆ, ಒಂದು ಕಡೆಗೆ ನಯ, ಇನ್ನೊಂದು ಕಡೆಗೆ ಒರಟು. ಹತ್ತುವಾಗ ಅದನ್ನು ಅಂಟಿಸಬೇಕು, ಇಳಿಯುವಾಗ ಕೀಳಬೇಕು. ಶೇಂಗಾ ಸಿಪ್ಪೆಯ ವಿದ್ಯೆ ಸುಳ್ಳಾಗಲಿಲ್ಲ. ಹತ್ತುವುದರಲ್ಲಿ ನಮ್ಮನ್ನು ಕಂಡು ಠಾಕೂರನೇ ತಲೆದೂಗಿದ. ಇಳಿಯುವುದರಲ್ಲಿ ಮಾತ್ರ ಬಿದ್ದ ಲೆಕ್ಕ ಇಟ್ಟವರಿಲ್ಲ.

ಆದರೆ ಅಲ್ಲಿದ್ದದ್ದು ಹಳೆಯ ಹಿಮ. ಪ್ರವಾಸಿಗಳು ತುಳಿದು ತುಳಿದು ಗಟ್ಟಿಯಾಗಿ, ಕಂದು ಬಣ್ಣಕ್ಕೆ ತಿರುಗಿತ್ತು. ಹವಾಲ್ದಾರ್ರು ನಮಗೆ ಕಲಿಸುತ್ತಲೇ ದಿನಕ್ಕೆ ಹತ್ತು ಸಲ ಆಕಾಶ ನೋಡುತ್ತಿದ್ದರು. ಉಳಿದದ್ದು ಒಂದೇ ಬೆಳಗು, ಐದನೆಯ ದಿನ ಮಧ್ಯಾಹ್ನ ಮೂರಕ್ಕೆ ನಮ್ಮ ಬಸ್ಸು. ನಾಲ್ಕನೆಯ ದಿನ ಸಂಜೆಗೆ ಮೋಡ ಕವಿಯಿತು. ಠಾಕೂರ್ ಅವರ ಬೆನ್ನು ತಟ್ಟಿ, ಇವತ್ತು ಬೀಳುತ್ತದೆ, ಎಲ್ಲರೂ ಮೇಲೆ ನಮ್ಮ ಮನೆಯಲ್ಲೇ ಮಲಗಿ, ಬೆಳಗ್ಗೆ ಬಯಲಿಗೆ ಹೋಗೋಣ, ನೀನು ಮುಂದೆ, ನಾವೆಲ್ಲ ಹಿಂದೆ ಎಂದ. ಹವಾಲ್ದಾರ್ರ ಮುಖದಲ್ಲಿ ಅಂಥ ನಗುವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಠಾಕೂರನ ಮನೆ ಒಂದೇ ದೊಡ್ಡ ಕೋಣೆ, ನಡುವೆ ಸೌದೆಯ ಒಲೆ. ಒಂದು ಮೂಲೆಯಲ್ಲಿ ದೇವರ ಗೂಡು, ದೀಪ ಉರಿಯುತ್ತಿತ್ತು. ಹವಾಲ್ದಾರ್ರು ತಮ್ಮ ಬೂಟನ್ನು ಹಾಸಿಗೆಯ ಕಂಬಳಿಯೊಳಗೆ ಸುತ್ತಿಟ್ಟು, ಮನೆಯಲ್ಲಿದ್ದ ರಬ್ಬರ್ ಬೂಟು ಮೆಟ್ಟಿ, ಠಾಕೂರನ ಜೊತೆ ಇಳಿಜಾರು ನೋಡಲು ಹಿತ್ತಲ ಬಾಗಿಲಿನಿಂದ ಹೊರಗೆ ಹೋದರು. ರುದ್ರೇಶ, ತಿಪ್ಪೇಸ್ವಾಮಿ ಬಿಚ್ಚಿದ ಬೂಟನ್ನು ಬಿಚ್ಚಿದಲ್ಲೇ ಒಲೆಯ ಪಕ್ಕ ಒದ್ದು ಬಿದ್ದುಕೊಂಡರು. ನನ್ನದು ದೇವರ ದೀಪದಿಂದ ಒಂದು ಮಾರು ದೂರದಲ್ಲಿತ್ತು. ನನಗೆ ಸಹಿಸಲಾಗಲಿಲ್ಲ. ನಮ್ಮ ಮನೆಯಲ್ಲಿ ಹೊಸ್ತಿಲು ದಾಟಿ ಚಪ್ಪಲಿ ಬಂದರೆ ನಮ್ಮವ್ವ ಊಟ ಬಿಡುತ್ತಿದ್ದಳು. ಬೂಟು ಎತ್ತಿಕೊಂಡು ಹೋಗಿ ಬಾಗಿಲ ಹೊರಗೆ, ಸೂರಿನ ಕೆಳಗೆ, ಜೋಡಿಸಿ ಇಟ್ಟು ಕೈ ತೊಳೆದು ಬಂದೆ. ಒಳ್ಳೆಯವನಾದೆ ಎಂಬ ಸಮಾಧಾನದಲ್ಲಿ ನಿದ್ದೆಯೂ ಬೇಗ ಬಂತು.

ಬೆಳಗ್ಗೆ ಎದ್ದಾಗ ಕಿವಿಗೆ ಏನೋ ಆಗಿದೆ ಎನಿಸಿತು. ಸದ್ದೇ ಇರಲಿಲ್ಲ. ನಾಯಿ ಇಲ್ಲ, ನೀರಿಲ್ಲ, ಗಾಳಿಯಿಲ್ಲ. ಹವಾಲ್ದಾರ್ರು ಆಗಲೇ ಎದ್ದು ಬಾಗಿಲು ತೆರೆದು ನಿಂತಿದ್ದರು. ಅವರ ಭುಜದಾಚೆ ಎಲ್ಲವೂ ಬೆಳ್ಳಗಿತ್ತು. ಬೇಲಿ ಇಲ್ಲ, ದಾರಿ ಇಲ್ಲ. ಅವರು ತಿರುಗಿ ನೋಡಿ, "ಬಿದ್ದೈತೆ ಸಾರ್" ಎಂದಷ್ಟೇ ಹೇಳಿದರು. ಅವರ ಕಣ್ಣಲ್ಲಿ ನೀರಿತ್ತು.

ಆಮೇಲೆ ಅವರ ನೋಟ ಸೂರಿನ ಕೆಳಗೆ ಹೋಯಿತು.

ಹಿಂದಿನ ದಿನದ ಬೆವರಿಗೆ ತೊಯ್ದಿದ್ದ ನನ್ನ ಬೂಟಿನ ಒಳಮೈ ಕೊರಡಾಗಿತ್ತು. ತುಂಬಿಕೊಂಡ ಹಿಮ ತೆಗೆದು, ಇಬ್ಬರು ಹಿಡಿದು ಎಳೆದರೂ ಬಾಯಿ ಅಗಲವಾಗಲಿಲ್ಲ. ಒಲೆಯ ಮುಂದೆ ಇಟ್ಟು ಕಾಯಿಸಿದರೂ ಮೂರು ತಾಸು ಬೇಕು ಎಂದ ಠಾಕೂರ್. ಹಲಗೆಗೆ ಕೂರುವ ಬೇರೆ ಬೂಟು ಇದ್ದದ್ದು ಕೆಳಗಿನ ಅಂಗಡಿಯಲ್ಲಿ. ಕಾಯುವಂತಿಲ್ಲ, ಬಿಸಿಲೇರಿದರೆ ದಾರಿಯ ಮೇಲಿನ ಇಳಿಜಾರು ಸಡಿಲವಾಗುತ್ತದೆ, ಹತ್ತು ಗಂಟೆಯೊಳಗೆ ಅದನ್ನು ದಾಟಿ ವಾಪಸು ಬರಬೇಕು.

"ನಾನು ಇಲ್ಲೇ ಇರ್ತೀನಿ, ನೀವು ಹೋಗ್ಬನ್ನಿ" ಎಂದೆ. ಹೇಳಬೇಕಾದ ಮಾತು ಅದೇ ಆಗಿತ್ತು, ಹೇಳಿದೆ. ಆದರೆ ನನ್ನ ದನಿ ಎಂಥ ಅಳುವ ದನಿಯಾಗಿತ್ತೆಂಬುದು ನನಗೇ ಗೊತ್ತಿದೆ. ಹದಿನೆಂಟು ವರ್ಷ ಬೋರ್ಡಿನ ಮೇಲೆ ಬರೆದದ್ದು ಬಾಗಿಲಾಚೆ ಬಿದ್ದಿತ್ತು.

ಹವಾಲ್ದಾರ್ರು ಒಳಗೆ ಹೋಗಿ ಕಂಬಳಿಯಿಂದ ತಮ್ಮ ಬೂಟು ತೆಗೆದು ತಂದು ನನ್ನ ಮುಂದಿಟ್ಟರು.

"ಹಾಕ್ಕಳ್ರಿ. ಎಂಟೇ ಅಲ್ವ. ನಂಗೆ ನೆನ್ನೆಯಿಂದ ಮೊಣಕಾಲು ಹಿಡ್ಕಂಡೈತೆ, ಹತ್ತಾಕೆ ಆಗಲ್ಲ."

"ಹವಾಲ್ದಾರ್ರೇ, ನೀವು..."

"ಆಗಲ್ಲ ಸಾರ್. ಹೊತ್ತು ಮಾಡಬ್ಯಾಡ್ರಿ. ಹೋಗಿ ಬಂದು ನಂಗೆ ಹೇಳ್ರಿ."

ಅವರು ಮಣ್ಣಿನ ನೆಲದ ಮೇಲೆ ಬರಿಗಾಲಲ್ಲಿ ನಿಂತಿದ್ದರು. ಆ ನೆಲ ಎಷ್ಟು ತಣ್ಣಗಿತ್ತೆಂದು ನನಗೆ ಗೊತ್ತು, ನಾನೂ ಬರಿಗಾಲಲ್ಲಿದ್ದೆ. ಕಾಲು ತಣ್ಣಗಾದ ಮನುಷ್ಯ ಸುಳ್ಳು ಹೇಳುತ್ತಾನೆ ಎಂದು ಕಲಿಸಿದವರು ಅವರೇ. ಮೊಣಕಾಲಿನ ಮಾತು ಸುಳ್ಳೆಂದು ನನಗೆ ಆ ಗಳಿಗೆಯಲ್ಲೇ ತಿಳಿದಿತ್ತು. ನಂಬಿದೆ, ಯಾಕೆಂದರೆ ನಂಬುವುದು ನನಗೆ ಅನುಕೂಲವಾಗಿತ್ತು. ಬಗ್ಗಿ ಬೂಟು ಹಾಕಿಕೊಂಡೆ. ಒಳಗೆ ಬೆಚ್ಚಗಿತ್ತು.

ಆ ದಿನವನ್ನು ಚೆನ್ನಾಗಿರಲಿಲ್ಲ ಎಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಅಷ್ಟು ಚೆಂದದ ದಿನ ನನ್ನ ಬದುಕಿನಲ್ಲಿ ಬೇರೆ ಇಲ್ಲ. ದೇವದಾರು ಮರಗಳ ನಡುವೆ ಒಬ್ಬರ ಹಿಂದೊಬ್ಬರು ಹತ್ತಿದೆವು. ಹಲಗೆಯ ಅಡಿಯಲ್ಲಿ ಹಿಮ ಹಸಿ ಹಿಟ್ಟು ಮುಟ್ಟಿದಂತೆ ಮೆತ್ತಗೆ ಕೂರುತ್ತಿತ್ತು. ಕೊಂಬೆಯಿಂದ ಒಂದು ಮುದ್ದೆ ಬಿದ್ದು ತಿಪ್ಪೇಸ್ವಾಮಿಯ ಕುತ್ತಿಗೆಯೊಳಗೆ ಹೋದಾಗ ಅವನು ಕುಣಿದದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. "ಲೇ, ಸುಮ್ನಿರಲೇ, ಬೆಟ್ಟ ಮೈಮೇಲೆ ಬೀಳ್ತೈತೆ" ಎಂದು ರುದ್ರೇಶ ಪಿಸುಗುಟ್ಟಿದ. ಸಡಿಲ ಇಳಿಜಾರನ್ನು ಠಾಕೂರ್ ನಮ್ಮನ್ನು ಒಬ್ಬೊಬ್ಬರಾಗಿ ದಾಟಿಸಿದ.

ಮರಗಳು ಮುಗಿದು ಬಯಲು ಬಂತು. ನಾನು ಬರೆದು ತೋರಿಸಿದ್ದ ಯಾವ ಚಿತ್ರವೂ ಹಾಗಿರಲಿಲ್ಲ. ಒಂದು ಹಕ್ಕಿಯ ಹೆಜ್ಜೆಯೂ ಇರಲಿಲ್ಲ. ಅಲ್ಲಿಯವರೆಗೆ ಮುಂದೆ ನಡೆಯುತ್ತಿದ್ದ ಠಾಕೂರ್ ಪಕ್ಕಕ್ಕೆ ಸರಿದು ನಿಂತ. ಕೋಲಿನಿಂದ ನನ್ನ ಕಾಲು ತೋರಿಸಿ ಹಿಂದಿಯಲ್ಲಿ ಹೇಳಿದ, ಇದು ಅವನ ಜಾಗ, ಅವನು ಬರಲಿಲ್ಲ, ಅವನ ಬೂಟಾದರೂ ಮುಂದೆ ಹೋಗಲಿ.

ನಾನು ಹೋದೆ. ಎತ್ತದೆ, ತಳ್ಳುತ್ತ, ಅವಸರ ಮಾಡದೆ, ಅವರು ಕಲಿಸಿದ ಹಾಗೆಯೇ ಬಯಲಿನ ಈ ಕೊನೆಯಿಂದ ಆ ಕೊನೆಯವರೆಗೆ. ಹಿಂತಿರುಗಿ ನೋಡಿದರೆ ಬಿಳಿಯ ಮೇಲೆ ಎರಡೇ ಗೀಟು. ಖುಷಿಗೆ ಕೂಗಿದೆ ಕೂಡ. ಆ ಬಯಲಿನಲ್ಲಿದ್ದಷ್ಟು ಹೊತ್ತೂ ನನಗೆ ಹವಾಲ್ದಾರ್ರ ನೆನಪು ಒಮ್ಮೆಯೂ ಬರಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆದಿದ್ದೇನೆ.

ವಾಪಸು ಬಂದಾಗ ಅವರು ಒಲೆಯ ಮುಂದೆ ಕೂತು ನನ್ನ ಬೂಟನ್ನು ತೊಡೆಯ ಮೇಲಿಟ್ಟುಕೊಂಡು, ಒಳಗೆ ಕೈ ಹಾಕಿ ಬಟ್ಟೆಯಿಂದ ಒರೆಸುತ್ತಿದ್ದರು. ಅದು ಪೂರ್ತಿ ಒಣಗಿತ್ತು.

"ಸದ್ದಿತ್ತಾ ಸಾರ್?"

"ಇರಲಿಲ್ಲ."

"ಹಕ್ಕಿ ಹೆಜ್ಜೆ?"

"ಇರಲಿಲ್ಲ ಹವಾಲ್ದಾರ್ರೇ."

"ಹಂಗಾರೆ ಹೊಸಾದೇ" ಎಂದು ತಲೆಯಾಡಿಸಿದರು. ಮೊದಲ ಗೀಟು ಯಾರು ಎಳೆದರು ಎಂದು ಕೇಳಲಿಲ್ಲ. ನಾನೂ ಹೇಳಲಿಲ್ಲ. ಮಧ್ಯಾಹ್ನ ಬಸ್ಸಿಗೆ ಇಳಿಯುವಾಗ, ಮೊಣಕಾಲು ಹಿಡಿದಿದ್ದ ಆ ಮನುಷ್ಯ ಎಲ್ಲರ ಗಂಟುಗಳಲ್ಲಿ ಅತಿ ಭಾರದ್ದನ್ನು ಹೊತ್ತು ನಮಗಿಂತ ಮುಂದೆ ಇಳಿಯುತ್ತಿದ್ದರು.

ಮುಂದಿನ ಚಳಿಗಾಲಕ್ಕೆ ಮತ್ತೆ ಹೋಗೋಣ, ಈ ಸಲ ನೀವೇ ಮುಂದೆ ಎಂದು ನಾವೆಲ್ಲ ಮಾತು ಕೊಟ್ಟೆವು. ಮಳೆಗಾಲ ಮುಗಿಯುವ ಹೊತ್ತಿಗೆ ಅವರಿಗೆ ಎದೆನೋವು ಬಂತು. ದಾವಣಗೆರೆಯ ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿದರು. ಎತ್ತರದ ಜಾಗ, ಚಳಿ, ಹತ್ತುವುದು, ಇವು ಮೂರೂ ಇನ್ನು ಬೇಡ ಎಂದರು ಡಾಕ್ಟರು. ಜೋಗಿಮಟ್ಟಿಯೂ ನಿಂತಿತು. ಗೇಟಿನ ಕೆಲಸ ಬಿಟ್ಟು ತಾಳ್ಯಕ್ಕೆ ಹೋದರು.

ತಿಂಗಳಿಗೊಮ್ಮೆ ನಾನು ನೋಡಲು ಹೋಗುತ್ತಿದ್ದೆ. ಜಗಲಿಯನ್ನು ಕೈಯ ಹಿಂಬದಿಯಿಂದ ಮುಟ್ಟಿ ನೋಡಿ, "ಬರ್ರಿ, ಕುಂತ್ಕಳ್ರಿ" ಎನ್ನುತ್ತಿದ್ದರು. ಕಾಫಿ ಮುಗಿದ ಮೇಲೆ ತಪ್ಪದೆ ಕೇಳುತ್ತಿದ್ದರು, "ಆ ದಿನದ್ದು ಇನ್ನೊಂದ್ಸಲ ಹೇಳ್ರಿ ಸಾರ್." ನಾನು ಮೊದಲಿಂದ ಹೇಳುತ್ತಿದ್ದೆ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಅವರ ಕಾಲು ಜಗಲಿಯ ಕೆಳಗೆ ಮೆಲ್ಲಗೆ ಮುಂದಕ್ಕೆ ಹಿಂದಕ್ಕೆ ಆಡುತ್ತಿತ್ತು, ಎತ್ತದೆ, ತಳ್ಳುವ ಹಾಗೆ. ಬಯಲಿಗೆ ಬಂದಾಗ ಪ್ರತಿ ಸಲವೂ ನಾನು ಠಾಕೂರ್ ಮುಂದೆ ಹೋದ ಎಂದೇ ಹೇಳುತ್ತಿದ್ದೆ. ಕೊನೆಯ ಸಲ ಹೋದಾಗ ನಿಜ ಹೇಳಿಬಿಟ್ಟೆ.

"ಮುಂದೆ ಹೋದೋನು ನಾನು ಹವಾಲ್ದಾರ್ರೇ. ನಿಮ್ಮ ಬೂಟು ಹಾಕ್ಕೊಂಡು."

ಅವರು ಕಣ್ಣು ತೆರೆಯಲಿಲ್ಲ. "ಗೊತ್ತು. ಠಾಕೂರ್ ಅವತ್ತೇ ಹೇಳಿದ್ದ" ಎಂದರು. ಆಡುತ್ತಿದ್ದ ಕಾಲು ನಿಲ್ಲಿಸಿ ಕೇಳಿದರು, "ಗೀಟು ನೆಟ್ಟಗಿತ್ತಾ?"

"ನೆಟ್ಟಗಿತ್ತು."

"ಹಂಗಾರೆ ಸರಿ."

ಈ ಏಪ್ರಿಲ್‌ನಲ್ಲಿ ಅವರು ತೀರಿಕೊಂಡರು. ರುದ್ರೇಶ, ತಿಪ್ಪೇಸ್ವಾಮಿ ದೂರದೂರಿನ ಮದುವೆಯಿಂದ ಮಣ್ಣಿನ ಹೊತ್ತಿಗೆ ಬಂದು ಸೇರಲಾಗಲಿಲ್ಲ, ನಾನೊಬ್ಬನೇ ಬಸ್ಸಿನಲ್ಲಿ ಹೋದೆ. ಮನೆಯ ಮುಂದೆ ಜನ, ಬಾಗಿಲಿನಾಚೆ ಚಪ್ಪಲಿಗಳ ರಾಶಿ. ನನ್ನದನ್ನೂ ಅದರಲ್ಲೇ ಬಿಟ್ಟು ಒಳಗೆ ಹೋದೆ. ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ. ಬೆನ್ನು ಅಷ್ಟೇ ನೆಟ್ಟಗೆ. ಪಾದ ಮುಟ್ಟಿ ನಮಸ್ಕಾರ ಮಾಡಿದೆ. ಅಷ್ಟು ವರ್ಷದಲ್ಲಿ ನಾನು ಅವರ ಕಾಲು ಮುಟ್ಟಿ ನೋಡಿದ್ದು ಅದೇ ಮೊದಲು. ತಣ್ಣಗಿತ್ತು.

ಹೊಲದಲ್ಲಿ ಮಣ್ಣು ಮಾಡಿ ಮನೆಗೆ ಹಿಂತಿರುಗಿ, ಕೈಕಾಲು ತೊಳೆದು ಹೊರಡುವಾಗ ನೋಡಿದರೆ ನನ್ನ ಚಪ್ಪಲಿ ಇರಲಿಲ್ಲ. ಅಷ್ಟು ಜನದಲ್ಲಿ ಯಾರೋ ತಮ್ಮದೆಂದು ಮೆಟ್ಟಿಕೊಂಡು ಹೋಗಿದ್ದರು. ಬಿಸಿಲು ನೆತ್ತಿಗೇರಿತ್ತು. ನಾನು ಹುಡುಕುವುದನ್ನು ಕಂಡು ಹವಾಲ್ದಾರ್ರ ಹೆಂಡತಿ ಒಳಗೆ ಹೋಗಿ ಒಂದು ಜೊತೆ ಬೂಟು ತಂದರು. ಗೇಟಿನಲ್ಲಿ ಹಾಕಿಕೊಳ್ಳುತ್ತಿದ್ದದ್ದು. ಮನೆಯೊಳಗೇ ಇಟ್ಟುಕೊಂಡಿದ್ದರು ಎಂದು ಕಾಣುತ್ತದೆ, ಒಂದು ಚೂರು ಧೂಳಿರಲಿಲ್ಲ.

"ರೋಡು ಸುಡ್ತೈತೆ ಸಾರ್. ಇವನ್ನ ಹಾಕ್ಕಂಡು ಹೋಗ್ರಿ. ನಿಮ್ಗೆ ಆಗ್ತಾವೆ ಅಂತ ಯಾವಾಗ್ಲೂ ಹೇಳ್ತಿದ್ರು."

ಅವನ್ನು ಎರಡೂ ಕೈಯಲ್ಲಿ ಇಸಿದುಕೊಂಡೆ. ಸ್ವಲ್ಪ ಹೊತ್ತು ಹಿಡಿದುಕೊಂಡೇ ನಿಂತೆ. ಆಮೇಲೆ ಹೊಸ್ತಿಲು ದಾಟಿ ಒಳಗೆ ಹೋಗಿ, ಅವರನ್ನು ಕೂರಿಸಿದ್ದ ಗೋಡೆಯ ಬುಡದಲ್ಲಿ ಜೋಡಿಸಿ ಇಟ್ಟೆ.

"ಈ ಸಲ ಬ್ಯಾಡಮ್ಮ" ಎಂದೆ.

ಬಸ್ ನಿಲ್ದಾಣದವರೆಗೆ ಬರಿಗಾಲಲ್ಲೇ ಹೋದೆ. ಡಾಂಬರು ಕೆಂಡವಾಗಿತ್ತು. ಓಡಲಿಲ್ಲ.